ಒಪ್ಪದ ಮನೋರೋಗಿಯನ್ನು ಆಸ್ಪತ್ರೆಗೆ ಸೇರಿಸುವುದು ಯಾವಾಗ?

ಕಬ್ಬಿಗೆ ರೋಗ ಬಿದ್ದರೆ ನಾವು ಕೂಡಲೇ ತಿಳಿದವರನ್ನು ಕೇಳುತ್ತೇವೆ. ಮನೆಯವರ ಮನಸ್ಸಿಗೆ ರೋಗ ಬಂದರೆ ಮಾತ್ರ ನಾಚಿಕೆಯಿಂದ ಮುಚ್ಚಿಡುತ್ತೇವೆ. ಕಟಾವು ಮುಗಿಯಲಿ ಎಂದು ದಿನ ದೂಡುತ್ತೇವೆ. ಕೈಮೀರಿದ ಮೇಲೆ "ಕಟ್ಟಿ ಒಯ್ಯೋಣವೇ?" ಎನ್ನುತ್ತೇವೆ.

ಕಟ್ಟುವುದರ ಫಲವನ್ನು ತಮಿಳುನಾಡಿನ ಏರ್ವಾಡಿಯಲ್ಲಿ ದೇಶವೇ ಕಂಡಿತು. 2001ರ ಆಗಸ್ಟ್ 6ರಂದು ಅಲ್ಲಿಯ ಆಶ್ರಯವೊಂದಕ್ಕೆ ಬೆಂಕಿ ಹತ್ತಿದಾಗ, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾರದೆ ಹೋದರು. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ.

ಒಪ್ಪದ ರೋಗಿಯನ್ನು ಸೇರಿಸಬೇಕಾದರೆ ರೋಗ ತೀವ್ರವಾಗಿದ್ದು, ಈ ಮೂರರಲ್ಲಿ ಒಂದಾದರೂ ಇರಬೇಕು:

1. ಇತ್ತೀಚೆಗೆ ತನ್ನ ದೇಹಕ್ಕೆ ಹಾನಿ ಮಾಡಿಕೊಳ್ಳಲು ಯತ್ನಿಸಿರುವುದು ಅಥವಾ ಹಾಗೆಂದು ಬೆದರಿಸಿರುವುದು.
2. ಇತರರ ಮೇಲೆ ಕೈಮಾಡಿರುವುದು ಅಥವಾ ಅವರಲ್ಲಿ ಅಂಥ ಭಯ ಹುಟ್ಟಿಸಿರುವುದು.
3. ಊಟ, ನೀರು, ಮೈಮೇಲಿನ ಎಚ್ಚರ ತಪ್ಪಿ, ತನಗೇ ಹಾನಿಯಾಗುವಷ್ಟು ಅಸಹಾಯಕನಾಗಿರುವುದು.

ರೋಗಿಯ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಇದಕ್ಕಿಂತ ಕಡಿಮೆ ನಿರ್ಬಂಧದ ದಾರಿ ಇದೆಯೇ, ರೋಗಿ ಮೊದಲೇ ಬರೆದಿಟ್ಟ ಇಚ್ಛೆ ಏನು ಎಂಬುದನ್ನೂ ನೋಡಬೇಕು. ಮೊದಲ ಅವಧಿ ಹೆಚ್ಚೆಂದರೆ 30 ದಿನ. ಆಸ್ಪತ್ರೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿಯೂ ಮಂಡಳಿಗೆ ದೂರಬಹುದು. ಅರ್ಜಿ ಮನೆಯವರದು, ನಿರ್ಧಾರ ವೈದ್ಯರದು.

ಈ ಕಟ್ಟುನಿಟ್ಟಿಗೆ ಕಾರಣವುಂಟು. ಹೊಲದ ಹಿಸೆಯ ಜಗಳ, ಹಿರಿಯರ ಮಾತು ಮೀರಿದ ಮದುವೆ, ದೇವಾಲಯಕ್ಕೆ ಬಾರದಿರುವುದು, ಇವು ಯಾವುವೂ ಹುಚ್ಚಿನ ಗುರುತಲ್ಲ. ಇವುಗಳ ಹೆಸರಿನಲ್ಲಿ ಒಬ್ಬರ ಸ್ವಾತಂತ್ರ್ಯ ಕಸಿಯುವುದು ಅನ್ಯಾಯ. ಜೀವ ಹೋಗುವ ಅಪಾಯವಿದ್ದಾಗ ಸುಮ್ಮನಿರುವುದೂ ಅಷ್ಟೇ ತಪ್ಪು.

ಆದುದರಿಂದ ಬೇಗ ಹೋಗೋಣ. ಆರಂಭದಲ್ಲಿ ಹೆಚ್ಚಿನವರು ಒಪ್ಪಿಯೇ ಬರುತ್ತಾರೆ. ನಮ್ಮ ಭಾಗದವರಿಗೆ ಕೊಲ್ಲಾಪುರದ ಸಿ.ಪಿ.ಆರ್. ಆಸ್ಪತ್ರೆ, ರತ್ನಾಗಿರಿಯ ಮಾನಸಿಕ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಇವೆ. 14416ಕ್ಕೆ ಫೋನು ಮಾಡಿದರೆ ಹಗಲಿರುಳೂ ಉಚಿತ ಸಲಹೆ ಸಿಗುತ್ತದೆ. ಅಲ್ಲಿಯವರೆಗೆ ಕೀಟನಾಶಕದ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಕೀಲಿಯನ್ನು ಬೇರೆಯವರ ಬಳಿ ಇಡಿರಿ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದವನಿಗೆ ಊರವರು ಸರಪಳಿ ಹಾಕಿದ್ದರು, ಅದರಿಂದ ಗುಣವಾಗಲಿಲ್ಲ. ಯೇಸುಸ್ವಾಮಿ ಅವನನ್ನು ಸ್ವಸ್ಥಗೊಳಿಸಿ, ಅವನ ಸ್ವಂತ ಜನರ ಬಳಿಗೇ ಕಳುಹಿಸಿದರು. ಆಸ್ಪತ್ರೆಯಿಂದ ಮರಳಿದವರಿಗೆ ನಮ್ಮ ಮನೆಗಳ ಬಾಗಿಲೂ ತೆರೆದಿರಲಿ.