ಬಲ್ಬ್ ಬದಲಿಸೋ ಮುಂಚೆ ವೈರ್ ನೋಡಿ

ಹಾಸ್ಟೆಲ್ ಪಾರ್ಕಿಂಗಿನಲ್ಲಿ ಹಳೇ ಕಾರೊಂದು ಬಾನೆಟ್ ತೆಗೆದು ನಿಂತರೆ ಸಾಕು, ಸುತ್ತ ನಾಲ್ಕು ಜನ ಎಕ್ಸ್‌ಪರ್ಟ್‌ಗಳು ಹುಟ್ಟಿಕೊಳ್ತಾರೆ. ಅಲ್ಲಿ ಪದೇ ಪದೇ ಕೇಳಿಬರುವ ಮೂರು ಪ್ರಶ್ನೆಗಳಿಗೆ ಫಸ್ಟ್ ಇಯರ್ ಪಾಠದಿಂದಲೇ ಉತ್ತರ ಹುಡುಕೋಣ.

ಪ್ರಶ್ನೆ 1: ಹೆಡ್‌ಲೈಟಿಗೆ 100/90 ವ್ಯಾಟ್ ಬಲ್ಬ್ ಹಾಕಿದೆ, ಫ್ಯೂಸ್ ಸುಟ್ಟುಹೋಗ್ತಿದೆ. 30 ಆಂಪಿಯರಿನ ಫ್ಯೂಸ್ ಹಾಕ್ಲಾ?

ಖಂಡಿತ ಬೇಡ. ಫ್ಯೂಸ್ ಇರೋದು ವೈರನ್ನು ಕಾಪಾಡೋಕೆ. ಎಚ್4 ಬಲ್ಬಿನ ಮಾನದಂಡ 60/55 ವ್ಯಾಟ್. ಎರಡು ಬಲ್ಬ್ ಹೈ ಬೀಮಿನಲ್ಲಿ 120 ವ್ಯಾಟ್, ಅಂದರೆ 12 ವೋಲ್ಟಿಗೆ 10 ಆಂಪಿಯರ್. ನಿಮ್ಮ ಬಲ್ಬುಗಳಿಗೆ ಸುಮಾರು 16.7 ಆಂಪಿಯರ್ ಬೇಕು.

ಎರಡಕ್ಕೂ ಸೇರಿ 1 ಚದರ ಮಿ.ಮೀ. ದಪ್ಪದ, 4 ಮೀಟರ್ ಉದ್ದದ ತಾಮ್ರದ ವೈರ್ ಇದೆ ಅಂದುಕೊಳ್ಳಿ. ಅದರ ರೆಸಿಸ್ಟೆನ್ಸ್ ಸುಮಾರು 0.07 ಓಮ್. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಹಾಗಾಗಿ 7 ವ್ಯಾಟ್ ಇದ್ದದ್ದು 19 ವ್ಯಾಟ್ ದಾಟುತ್ತೆ. ದೊಡ್ಡ ಫ್ಯೂಸ್ ಹಾಕಿದರೆ ಅದು ಸುಡಲ್ಲ, ವೈರಿನ ಇನ್ಸುಲೇಷನ್ ಕರಗುತ್ತೆ. ಕಾರಿಗೆ ಬೆಂಕಿ ಬೀಳೋದು ಹೀಗೇ. ಜೊತೆಗೆ ಎದುರು ಬರುವವನ ಕಣ್ಣೂ ಕುಕ್ಕುತ್ತೆ.

ಪ್ರಶ್ನೆ 2: ಹಾಗಾದ್ರೆ ಬೆಳಕು ಹೆಚ್ಚಿಸೋದು ಹೇಗೆ?

ಹಳೇ ಬಲ್ಬೇ ಇರಲಿ, ದಾರಿ ಸರಿಮಾಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಬದಲಾಗುತ್ತೆ. ಮೇಲಿನ ವೈರಿನಲ್ಲಿ 10 ಆಂಪಿಯರ್ ಹರಿದರೆ 0.7 ವೋಲ್ಟ್ ನಷ್ಟ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದರೆ, ಶೇ. 16ರಷ್ಟು ಬೆಳಕು ದಾರಿಯಲ್ಲೇ ಹೋಯ್ತು.

ಇದಕ್ಕೆ ಮದ್ದು ರಿಲೇ. ಬ್ಯಾಟರಿಯ ಹತ್ತಿರವೇ 15 ಆಂಪಿಯರಿನ ನೀಲಿ ಫ್ಯೂಸ್ ಹಾಕಿ, ಅಲ್ಲಿಂದ 2.5 ಚದರ ಮಿ.ಮೀ. ವೈರನ್ನು ರಿಲೇಯ 30ನೇ ಪಿನ್ನಿಗೆ ಕೊಡಿ. 87ರಿಂದ ಬಲ್ಬಿಗೆ. ಹಳೇ ಹೋಲ್ಡರಿನ ವೈರುಗಳು 85, 86ಕ್ಕೆ. ಹೈ ಬೀಮಿಗೊಂದು, ಲೋ ಬೀಮಿಗೊಂದು ರಿಲೇ ಬೇಕು. ಈಗ ಸ್ವಿಚ್ಚಿನಲ್ಲಿ ಹರಿಯೋದು ರಿಲೇ ಕಾಯಿಲ್‌ನ ಅಲ್ಪ ಕರೆಂಟ್ ಮಾತ್ರ. ದಪ್ಪ ವೈರ್ 2 ಮೀಟರ್ ಇದ್ದರೆ ನಷ್ಟ 0.14 ವೋಲ್ಟಿಗೆ ಇಳಿದು, ಬೆಳಕು ಸುಮಾರು ಶೇ. 15 ಹೆಚ್ಚುತ್ತೆ. ವಾರಂಟಿ ಇರುವ ಹೊಸ ಕಾರಿನ ವೈರಿಗೆ ಮಾತ್ರ ಕತ್ತರಿ ಹಾಕಬೇಡಿ.

ಪ್ರಶ್ನೆ 3: ಫ್ರೀ ಫ್ಲೋ ಏರ್ ಫಿಲ್ಟರ್ ಹಾಕಿದ್ರೆ ಪವರ್ ಎಷ್ಟು ಏರುತ್ತೆ?

ಇದೂ ಅದೇ ಲೆಕ್ಕ. ಅಲ್ಲಿ ವೋಲ್ಟೇಜ್ ಇಳಿಕೆ, ಇಲ್ಲಿ ಒತ್ತಡದ ಇಳಿಕೆ. ಹೊರಗಿನ ಗಾಳಿಯ ಒತ್ತಡ ಸುಮಾರು 100 ಕಿಲೋಪ್ಯಾಸ್ಕಲ್. ಪೂರ್ತಿ ಥ್ರಾಟಲ್‌ನಲ್ಲಿ ಹಳೇ ಫಿಲ್ಟರ್ 2 ಕಿಲೋಪ್ಯಾಸ್ಕಲ್ ತಿನ್ನುತ್ತೆ ಅಂದುಕೊಂಡರೆ, ಅದನ್ನು ಪೂರ್ತಿ ಉಳಿಸಿದರೂ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಸಿಗೋದು ಶೇ. 2ರ ಆಸುಪಾಸು. ಊರೊಳಗಿನ ಓಡಾಟದಲ್ಲಿ ಥ್ರಾಟಲ್ ಕವಾಟವೇ ಅರ್ಧ ಮುಚ್ಚಿರುತ್ತೆ, ಅಲ್ಲಿ ಲಾಭವೇ ಇಲ್ಲ. ಫಿಲ್ಟರ್ ಧೂಳು ಹಿಡಿದಿದ್ದರೆ ಕಂಪನಿ ಫಿಲ್ಟರನ್ನೇ ಹೊಸದು ಹಾಕಿ.

ದುಡ್ಡು ಖರ್ಚು ಮಾಡುವ ಮುಂಚೆ ಲ್ಯಾಬಿನ ಮಲ್ಟಿಮೀಟರ್ ಕೇಳಿ ಪಡೆದು, ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ತುದಿಗಳಲ್ಲೊಮ್ಮೆ, ಬಲ್ಬಿನ ಪಿನ್ನುಗಳಲ್ಲೊಮ್ಮೆ ವೋಲ್ಟೇಜ್ ನೋಡಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಅಪ್‌ಗ್ರೇಡ್ ಎಲ್ಲಿಂದ ಶುರುವಾಗಬೇಕು ಅನ್ನೋದನ್ನ ಹೇಳುತ್ತೆ.