ಉಗುರು ಕಚ್ಚುವ ಮಕ್ಕಳು: ಕಾರಣ ಮತ್ತು ಪರಿಹಾರ

ನನ್ನ ತಮ್ಮ ಮೂರನೇ ತರಗತಿಯಲ್ಲಿ ಓದುತ್ತಿದ್ದಾನೆ. ಕಳೆದ ವರ್ಷ ಅವನ ಹತ್ತು ಬೆರಳುಗಳಲ್ಲಿ ಒಂದರಲ್ಲೂ ಪೂರ್ತಿ ಉಗುರು ಇರಲಿಲ್ಲ. "ಬಾಯಿಂದ ಕೈ ತೆಗಿ" ಎಂಬ ಮಾತು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಸುತ್ತಿತ್ತು. ಒಂದು ದಿನ ದಾದಿ ಬೇಸತ್ತು ಅವನ ಬೆರಳುಗಳಿಗೆ ಖಾರದ ಪುಡಿ ಹಚ್ಚಿದರು. ಅವನು ಅದೇ ಕೈಯಿಂದ ಕಣ್ಣು ಉಜ್ಜಿಕೊಂಡು ಅರ್ಧ ಗಂಟೆ ಅತ್ತ. ಮರುದಿನ ಬೆಳಿಗ್ಗೆ ಬೆರಳು ಮತ್ತೆ ಬಾಯಿಯಲ್ಲಿತ್ತು. ಬೈದರೂ ಬಿಡದ, ಖಾರಕ್ಕೂ ಹೆದರದ ಈ ಅಭ್ಯಾಸ ಏನೆಂದು ತಿಳಿಯುವ ಆಸೆಯಾಯಿತು. ಓದಿ, ವೈದ್ಯರನ್ನು ಕೇಳಿ, ಮನೆಯಲ್ಲೇ ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಏಕೆ ಕಚ್ಚುತ್ತಾರೆ?

ಉಗುರು ಕಚ್ಚುವುದಕ್ಕೆ ವೈದ್ಯರು 'ಒನಿಕೊಫೇಜಿಯಾ' ಎನ್ನುತ್ತಾರೆ. ಉಗುರು ಮತ್ತು ತಿನ್ನು ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಈ ಹೆಸರು ಬಂದಿದೆ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಇದು ಅಪರೂಪ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೆಚ್ಚಾಗುತ್ತದೆ, ದೊಡ್ಡವರಾದಂತೆ ಬಹಳ ಜನರಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ.

ಇದಕ್ಕೆ ಒಂದೇ ಕಾರಣವಿಲ್ಲ. ಮುಖ್ಯವಾದವು ಇವು:

1. ಆತಂಕ. ಪರೀಕ್ಷೆ, ಹೊಸ ಶಾಲೆ, ಮನೆಯಲ್ಲಿ ಜಗಳ, ಬೈಗುಳದ ಭಯ.
2. ಬೇಸರ. ಕೈಗೆ ಕೆಲಸವಿಲ್ಲದೆ ಸುಮ್ಮನೆ ಕುಳಿತಾಗ ಬೆರಳು ಬಾಯಿಗೆ ಹೋಗುತ್ತದೆ.
3. ಮೈಮರೆತ ಗಮನ. ಟಿ.ವಿ. ನೋಡುವಾಗ ಅಥವಾ ಲೆಕ್ಕ ಮಾಡುವಾಗ ತಾನು ಕಚ್ಚುತ್ತಿದ್ದೇನೆ ಎಂಬುದೇ ಮಗುವಿಗೆ ಗೊತ್ತಿರುವುದಿಲ್ಲ.
4. ಅನುಕರಣೆ. ಮನೆಯಲ್ಲಿ ದೊಡ್ಡವರು ಕಚ್ಚುವುದನ್ನು ನೋಡಿ ಮಕ್ಕಳು ಕಲಿಯಬಹುದು.
5. ಒರಟು ಅಂಚು. ಉಗುರಿನ ತುದಿ ಸ್ವಲ್ಪ ಸೀಳಿದ್ದರೆ ಅದನ್ನು ಹಲ್ಲಿನಿಂದ ಸರಿಮಾಡಲು ಹೋಗಿ ಕಚ್ಚುವುದು ಮುಂದುವರಿಯುತ್ತದೆ.

ಇವುಗಳಲ್ಲಿ ಯಾವುದೂ ಹಟವಲ್ಲ. ಆತಂಕದಿಂದ ಕಚ್ಚುವ ಮಗುವನ್ನು ಎಲ್ಲರ ಮುಂದೆ ಬೈದರೆ ಅದರ ಆತಂಕ ಇನ್ನೂ ಹೆಚ್ಚುತ್ತದೆ. ತಿಳಿಯದೆ ಕಚ್ಚುವ ಮಗುವಿಗೆ ಹೊಡೆದರೆ ತನಗೆ ಏಕೆ ಏಟು ಬಿತ್ತು ಎಂಬುದೇ ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದೂ ಇದೇ.

ಏನು ಹಾನಿ?

"ಹೊಟ್ಟೆಯಲ್ಲಿ ಹುಳು ಇದ್ದರೆ ಮಕ್ಕಳು ಉಗುರು ಕಚ್ಚುತ್ತಾರೆ" ಎಂದು ಹಿರಿಯರು ಹೇಳುವುದುಂಟು. ಆದರೆ ಉಗುರು ಕಚ್ಚುವುದರಿಂದಲೇ ಹುಳು ಹೊಟ್ಟೆ ಸೇರಬಹುದು. ದಾರದ ಎಳೆಯಂತಿರುವ ಸಣ್ಣ ಬಿಳಿ ಹುಳುಗಳು ರಾತ್ರಿ ಗುದದ್ವಾರದ ಸುತ್ತ ಮೊಟ್ಟೆ ಇಡುತ್ತವೆ. ತುರಿಕೆಯಾದಾಗ ಮಗು ಕೆರೆದುಕೊಳ್ಳುತ್ತದೆ, ಮೊಟ್ಟೆಗಳು ಉಗುರಿನ ಕೆಳಗೆ ಸೇರುತ್ತವೆ. ಅದೇ ಬೆರಳನ್ನು ಬಾಯಿಗೆ ಹಾಕಿದರೆ ಅವು ಮತ್ತೆ ಹೊಟ್ಟೆಗೆ ಹೋಗುತ್ತವೆ. ಆಲ್ಬೆಂಡಜೋಲ್ ಮಾತ್ರೆ ಕೊಟ್ಟು ಹುಳು ಹೋದರೂ ಬೆರಳು ಬಾಯಲ್ಲೇ ಇದ್ದರೆ ತೊಂದರೆ ಮರಳಿ ಬರಬಹುದು.

ಇದಲ್ಲದೆ ಉಗುರಿನ ಪಕ್ಕದ ಚರ್ಮ ಕಿತ್ತು ಕೀವು ತುಂಬಬಹುದು. ಬೆರಳಿನಲ್ಲಿ ನರುಳ್ಳೆ ಇದ್ದರೆ ಅದು ಬೇರೆ ಬೆರಳುಗಳಿಗೂ ತುಟಿಗೂ ಹರಡಬಹುದು. ಮುಂದಿನ ಹಲ್ಲುಗಳ ಅಂಚು ಸವೆಯುತ್ತದೆ, ವಸಡಿಗೆ ಗಾಯವಾಗುತ್ತದೆ.

ಬಿಡಿಸುವುದು ಹೇಗೆ?

1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ ಇಂತಹ ಅಭ್ಯಾಸಗಳನ್ನು ಬಿಡಿಸಲು ಒಂದು ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಅದರಲ್ಲಿ ಮುಖ್ಯವಾಗಿ ಮೂರು ಹಂತಗಳಿವೆ.

ಮೊದಲನೆಯದು ಗಮನಿಸುವುದು. ಯಾವಾಗ, ಎಲ್ಲಿ, ಏನು ಮಾಡುವಾಗ ಬೆರಳು ಬಾಯಿಗೆ ಹೋಗುತ್ತದೆ ಎಂದು ಬರೆದಿಡಬೇಕು. ನಾನು ಲೆಕ್ಕಶಾಸ್ತ್ರದ ವಿದ್ಯಾರ್ಥಿನಿ. ಹಳೆಯ ನೋಟ್ ಪುಸ್ತಕದಲ್ಲಿ ನಗದು ಪುಸ್ತಕದಂತೆ ಗೆರೆ ಎಳೆದು ಸಮಯ, ಜಾಗ, ಕಾರಣ ಎಂದು ಬರೆದೆ. ಮೊದಲ ದಿನವೇ 23 ಸಲ! ಹೆಚ್ಚಿನವು ಟಿ.ವಿ. ಮುಂದೆ ಮತ್ತು ಅಬ್ಬು ಮಗ್ಗಿ ಕೇಳುವಾಗ.

ಎರಡನೆಯದು ಕೈಗೆ ಬೇರೆ ಕೆಲಸ ಕೊಡುವುದು. ಕಚ್ಚಬೇಕೆನಿಸಿದ ಕೂಡಲೇ ಮುಷ್ಟಿ ಬಿಗಿದು ಒಂದು ನಿಮಿಷ ಹಿಡಿಯಬೇಕು. ಟಿ.ವಿ. ಮುಂದೆ ಕುಳಿತಾಗ ಕೈಯಲ್ಲಿ ಸಣ್ಣ ರಬ್ಬರ್ ಚೆಂಡು ಇದ್ದರೂ ಸಾಕು.

ಮೂರನೆಯದು ಮನೆಯವರ ಸಹಕಾರ. ಕಚ್ಚಿದಾಗ ಬೈಯುವುದಕ್ಕಿಂತ ಕಚ್ಚದೆ ಇದ್ದಾಗ ಹೊಗಳಬೇಕು. ನೆನಪಿಸಲು ಇಬ್ಬರಿಗೇ ಗೊತ್ತಿರುವ ಸನ್ನೆ ಸಾಕು.

ಔಷಧ ಅಂಗಡಿಯಲ್ಲಿ ಉಗುರಿಗೆ ಹಚ್ಚುವ ಕಹಿ ದ್ರವ ಸಿಗುತ್ತದೆ. ಮಗು ಒಪ್ಪಿದರೆ ಮಾತ್ರ ಅದನ್ನು ನೆನಪಿಗಾಗಿ ಹಚ್ಚಬಹುದು, ಶಿಕ್ಷೆಯಾಗಿ ಅಲ್ಲ. ಖಾರ ಮಾತ್ರ ಬೇಡವೇ ಬೇಡ. ಉಗುರನ್ನು ವಾರಕ್ಕೊಮ್ಮೆ ಕತ್ತರಿಸಿ ಅಂಚನ್ನು ನುಣುಪಾಗಿ ಇಟ್ಟರೆ ಕಚ್ಚಲು ಏನೂ ಸಿಗುವುದಿಲ್ಲ. ಉಗುರು ಕತ್ತರಿಸುವುದನ್ನು ನಮ್ಮ ಧರ್ಮ ಶುಚಿತ್ವದ ಭಾಗವೆಂದೇ ಹೇಳಿದೆ. ಎಷ್ಟೋ ಮನೆಗಳಲ್ಲಿ ಜುಮ್ಮಾ ದಿನ ಉಗುರು ತೆಗೆಯುವ ರೂಢಿ ಇದ್ದೇ ಇದೆ.

ರಕ್ತ, ಕೀವು, ಹಲ್ಲುನೋವು ಇದ್ದರೆ ವೈದ್ಯರಿಗೆ ತೋರಿಸಬೇಕು. ಮಗು ಕೂದಲನ್ನೂ ಕೀಳುತ್ತಿದ್ದರೆ, ನಿದ್ದೆ ಮಾಡದಿದ್ದರೆ, ಶಾಲೆಗೆ ಹೋಗಲು ಹೆದರಿದರೆ ಮಾನಸಿಕ ಆರೋಗ್ಯ ತಜ್ಞರನ್ನು ಕಾಣಬೇಕು. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಾನು ಕಲಿತದ್ದು

ಲೆಕ್ಕ ಬರೆಯಲು ಆರಂಭಿಸಿದ ನಾಲ್ಕನೇ ದಿನ ತಮ್ಮ ನನ್ನ ಕಡೆ ನೋಡಿ, "ಆಪಾ, ನಿನ್ನದನ್ನು ಯಾರು ಬರೆಯುತ್ತಾರೆ?" ಎಂದ. ನೋಡಿದರೆ ನನ್ನ ಹೆಬ್ಬೆರಳು ನನ್ನ ಹಲ್ಲಿನ ನಡುವೆ ಇತ್ತು! ಮರುದಿನದ ಟೆಸ್ಟ್‌ಗೆ ಓದುತ್ತಿದ್ದೆ. ಹಬ್ಬದಲ್ಲಿ ಮೆಹಂದಿ ಹಚ್ಚಿಸಿಕೊಂಡು ಬೆರಳು ಮಡಚಿಕೊಂಡು ಓಡಾಡುವ ನಾನು ಅವನಿಗೆ ಬುದ್ಧಿ ಹೇಳುತ್ತಿದ್ದೆ. ಅವನು ಯಾರನ್ನು ನೋಡಿ ಕಲಿತಿರಬಹುದು ಎಂದು ಆಗ ಹೊಳೆಯಿತು. ಅಂದಿನಿಂದ ಪುಸ್ತಕದಲ್ಲಿ ಎರಡು ಹೆಸರು. ಅವನದನ್ನು ನಾನು ಬರೆಯುತ್ತೇನೆ, ನನ್ನದನ್ನು ಅವನು. ಅಬ್ಬು ಈಗ ಮಗ್ಗಿ ಕೇಳುವಾಗ ಅವನ ಕೈಗೆ ಚೆಂಡು ಕೊಡುತ್ತಾರೆ.

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕು. ಅಷ್ಟು ತಾಳ್ಮೆ ನಮಗೂ ಇರಬೇಕು. ಎರಡು ತಿಂಗಳಾದ ಮೇಲೆ ತಮ್ಮನ ಲೆಕ್ಕ ದಿನಕ್ಕೆ 5ಕ್ಕೆ ಇಳಿದಿದೆ. ನನ್ನದು ಟೆಸ್ಟ್ ಇದ್ದ ವಾರದಲ್ಲಿ ಏರುತ್ತದೆ, ಮತ್ತೆ ಇಳಿಯುತ್ತದೆ. ಕಳೆದ ಜುಮ್ಮಾ ದಿನ ಅಮ್ಮಿ ನೇಲ್ ಕಟರ್ ಹಿಡಿದು ಕುಳಿತಾಗ ತಮ್ಮ ಎರಡೂ ಕೈ ಚಾಚಿದ. ಈ ಬಾರಿ ಕತ್ತರಿಸಲು ಉಗುರು ಇತ್ತು.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಉಗುರು ಕಚ್ಚುವ ತಮ್ಮನೋ ತಂಗಿಯೋ ಇದ್ದರೆ ಬೈಯುವ ಮೊದಲು ಒಂದು ವಾರ ಗಮನಿಸಿ ಬರೆಯಿರಿ. ಜೊತೆಗೆ ನಿಮ್ಮ ಕೈಯನ್ನೂ ಒಮ್ಮೆ ನೋಡಿಕೊಳ್ಳಿ.