ವೈದ್ಯವಿದ್ಯಾರ್ಥಿಯೂ ರೋಗಿಯೂ

ವೈದ್ಯವಿದ್ಯೆಗೆ ಎರಡು ಅಂಗಗಳುಂಟು. ರೋಗವನ್ನು ಅರಿಯುವುದು ಒಂದು; ರೋಗಿಯನ್ನು ಅರಿಯುವುದು ಇನ್ನೊಂದು. ಮೊದಲನೆಯದು ಗ್ರಂಥದಿಂದಲೂ ಪ್ರಯೋಗಶಾಲೆಯಿಂದಲೂ ಬಹುಮಟ್ಟಿಗೆ ದೊರೆಯುತ್ತದೆ. ಎರಡನೆಯದು ರೋಗಿಯ ಬಳಿಯಲ್ಲಿ ಕುಳಿತು ಕೇಳಿದ ಹೊರತು ದೊರೆಯದು.

ಬಹುಕಾಲ ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಯು ಮೊದಲ ಹಂತವನ್ನು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳಲ್ಲಿಯೇ ಕಳೆಯುತ್ತಿದ್ದನು. ಅವನು ಮೊದಲು ಮುಟ್ಟುತ್ತಿದ್ದುದು ಶವವನ್ನು; ನೋವೆಂದು ನುಡಿಯಬಲ್ಲ ದೇಹವು ಎದುರಾಗುತ್ತಿದ್ದುದು ಆಮೇಲೆ. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮವು ಇದನ್ನು ತಿದ್ದಿ, ಮೊದಲ ವರ್ಷದಿಂದಲೇ ರೋಗಿಗಳ ಸಂಪರ್ಕವು ಒದಗಬೇಕೆಂದು ವಿಧಿಸಿತು. ವೈದ್ಯನಾಗುವುದೆಂದರೇನು, ರೋಗಿಯಾಗುವುದೆಂದರೇನು, ಅವರಿಬ್ಬರ ಸಂಬಂಧವು ಎಂತಹದು ಎಂಬಿವು ನಡತೆ, ನೀತಿ, ಮಾತುಗಾರಿಕೆಗಳನ್ನು ಕುರಿತ ಪಾಠಮಾಲೆಯ ಮೊದಲ ಅಧ್ಯಾಯಗಳಾದವು. ಶವವನ್ನು ಪ್ರಥಮ ಗುರುವೆಂದು ಗೌರವಿಸಬೇಕೆಂಬುದೂ ಅದರಲ್ಲಿ ಒಂದು ಪಾಠ. 2022ರಿಂದ ವಿದ್ಯಾರ್ಥಿಗಳು ಗ್ರಾಮದ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು, ಮತ್ತೆ ಮತ್ತೆ ಭೇಟಿಯಿತ್ತು ಅವರ ಆರೋಗ್ಯವನ್ನು ವಿಚಾರಿಸುವ ವ್ಯವಸ್ಥೆಯೂ ಸೇರಿತು.

ಇಲ್ಲಿ ಒಂದು ಸಂದೇಹವು ಹುಟ್ಟುವುದು ಸಹಜ. ಔಷಧ ಕೊಡಲರಿಯದ ಎಳೆಯನು ರೋಗಿಯ ಬಳಿಗೆ ಹೋಗಿ ಮಾಡುವುದೇನು? ಔಷಧ ಬಲ್ಲವನು ರೋಗಿಯು ಎರಡು ಮಾತನಾಡುವಷ್ಟರಲ್ಲಿ ಲೇಖನಿಯನ್ನು ಎತ್ತಿಬಿಡುವುದುಂಟು. ಬರಿಗೈಯವನಿಗಾದರೋ ಕೇಳುವುದೊಂದೇ ಉಳಿದ ಕೆಲಸ. ಆ ಬರಿಗೈಯೇ ಅವನ ಭಾಗ್ಯ.

ಉದಾಹರಣೆಗೆ, ಮಧುಮೇಹವುಳ್ಳ ಒಬ್ಬ ವೃದ್ಧೆಯ ಪಾದದಲ್ಲಿ ಹುಣ್ಣಾಗಿದೆಯೆಂದು ಭಾವಿಸಬಹುದು. ಆ ರೋಗದಲ್ಲಿ ನರಗಳ ಸ್ಪರ್ಶಜ್ಞಾನವು ಕುಂದಿ ಗಾಯದ ನೋವು ತಿಳಿಯದೆ ಹೋಗಬಹುದೆಂದು ಗ್ರಂಥವು ಹೇಳುತ್ತದೆ. ಆದರೆ ಆಕೆ ಬರಿಗಾಲಿನಲ್ಲಿ ಹೊಲಕ್ಕೆ ಹೋಗುವಳೆಂಬುದನ್ನೂ, ಆಸ್ಪತ್ರೆಗೆ ಹೋದ ದಿನ ಕೂಲಿ ತಪ್ಪುವುದೆಂಬುದನ್ನೂ, ಕಾಲು ಕತ್ತರಿಸುವರೆಂಬ ಅಂಜಿಕೆಯಿಂದ ಹುಣ್ಣನ್ನು ಮಗನಿಗೂ ತೋರಿಸಿಲ್ಲವೆಂಬುದನ್ನೂ ಯಾವ ಗ್ರಂಥವು ಹೇಳೀತು? ಇದನ್ನರಿಯದೆ ಕೊಟ್ಟ ಔಷಧವು ಅರ್ಧ ಔಷಧವಷ್ಟೆ.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಹಾಜರಿ ತುಂಬುವುದಕ್ಕಾಗಿ ಹೋದವನಿಗೆ ಬಡವನ ಮನೆಯೂ ಮತ್ತೊಂದು ಪ್ರಯೋಗಶಾಲೆಯೇ ಸರಿ. ಆದುದರಿಂದ ವಿದ್ಯಾರ್ಥಿಯು ತಾನಿನ್ನೂ ವೈದ್ಯನಲ್ಲವೆಂದು ಮೊದಲೇ ಹೇಳತಕ್ಕದ್ದು, ಒಪ್ಪಿಗೆಯನ್ನು ಕೇಳತಕ್ಕದ್ದು, ಒಲ್ಲೆನೆಂದರೆ ವಂದಿಸಿ ಹಿಂದಿರುಗತಕ್ಕದ್ದು, ಕೇಳಿದ ಗುಟ್ಟನ್ನು ಕಾಯತಕ್ಕದ್ದು. ಮತ್ತೆ ಬರುವೆನೆಂದು ನುಡಿದರೆ ಬರಲೇಬೇಕು. ಬಾರದೆ ಹೋದಲ್ಲಿ, ಬಿಳಿಯ ಅಂಗಿಯವರೊಡನೆ ಮನಸ್ಸು ಬಿಚ್ಚಬಾರದೆಂಬ ಪಾಠವನ್ನು ಆ ವೃದ್ಧೆ ಕಲಿಯುವಳು. ಆಮೇಲೆ ಬರುವ ಒಳ್ಳೆಯ ವೈದ್ಯನಿಗೂ ಆ ಬಾಗಿಲು ಮುಚ್ಚಿರುವುದು.

ಗೃಹಸ್ಥರಿಗೂ ಇಲ್ಲಿ ಕರ್ತವ್ಯವುಂಟು. ವಿದ್ಯಾರ್ಥಿಯೊಬ್ಬನು ಹಾಸಿಗೆಯ ಬಳಿ ಬಂದು ಕುಳಿತಾಗ ರೋಗಿಯು ವಿದ್ಯಾದಾನಿಯಾಗುತ್ತಾನೆ. ಕೊಡದಿರುವ ಹಕ್ಕು ಅವನದೇ. ಕೊಡುವುದಾದರೆ ನಿಜವನ್ನು ಕೊಡಬೇಕು: ನಡುವೆ ಬಿಟ್ಟ ಔಷಧ, ಮುಚ್ಚಿಟ್ಟ ಭಯ, ಮನೆಯ ಅಡಚಣೆ. ಮುಂದೆ ಆ ವಿದ್ಯಾರ್ಥಿಯು ವೈದ್ಯನಾಗಿ ಮತ್ತಾರದೋ ಹಾಸಿಗೆಯ ಬಳಿ ನಿಂತು, ಲೇಖನಿಯನ್ನು ಎತ್ತುವ ಮುನ್ನ ಅವರ ಮಾತು ಮುಗಿಯುವವರೆಗೆ ಕಾದನೆಂದರೆ ಆ ದಾನವು ಸಾರ್ಥಕವಾಯಿತು.